ನನ್ನ ಮಗಳ ಎರಡನೇ ಮ್ಯಾಪಿಗೆ ತಾವು ಕಟ್ಟಿದ ಬೆಲೆ

ಮಾನ್ಯರೇ,

ನಾಳೆ ನಡೆಯಬೇಕಾದದ್ದನ್ನು ಇವತ್ತೇ ತೂಗಿ ಪೊಟ್ಟಣ ಕಟ್ಟಿ ಮಾರುವ ಹಂಚ್‌ಯಾರ್ಡ್ ಮುನ್ನೋಟ ಮಾರುಕಟ್ಟೆಯ ಮಾಲೀಕರಿಗೂ, ಅದರ ಪ್ರಾಮಾಣಿಕತಾ ವಿಭಾಗಕ್ಕೂ, ಆ ವಿಭಾಗದಲ್ಲಿ ಅಪ್ಪಿತಪ್ಪಿ ಮನುಷ್ಯರು ಯಾರಾದರೂ ಇದ್ದರೆ ಅವರಿಗೂ, ಸ್ಟಾಕ್‌ಪೋರ್ಟಿನ ಚಿದಾನಂದ ಅಣ್ಣಿಗೇರಿ ಮಾಡುವ ನಮಸ್ಕಾರಗಳು. ಇತ್ತ ನಾವು ಇದ್ದೇವೆ. ತಾವು ಕ್ಷೇಮವೇ ಎಂದು ಕೇಳುವ ಅಗತ್ಯ ಕಾಣುವುದಿಲ್ಲ. ಬಸ್ ನಿಲ್ದಾಣದ ಗಾಜಿನ ಮೇಲಿನ ತಮ್ಮ ಜಾಹೀರಾತಿನಲ್ಲಿ ಆ ಹುಡುಗನ ಹಲ್ಲುಗಳನ್ನು ನೋಡಿದರೇ ತಿಳಿಯುತ್ತದೆ.

ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಳ್ಳುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ನಾನು ಗದಗಿನವನು, ಇಪ್ಪತ್ತೆರಡು ವರ್ಷಗಳಿಂದ ಈ ದೇಶದ ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರು. ಊರವರ ಕಿವಿಗಳಲ್ಲೆಲ್ಲ ದೀಪ ಬಿಟ್ಟು ಇಣುಕಿ ನೋಡುವ ನನಗೆ, ನನ್ನ ಒಬ್ಬಳೇ ಮಗಳು ಅಮೂಲ್ಯಾ ಮೂರು ವರ್ಷದಿಂದ ಏನೂ ಹೇಳುತ್ತಿಲ್ಲ ಎಂಬುದು ಮಾತ್ರ ಕೇಳಿಸಿರಲಿಲ್ಲ. ಅವಳು ಶೆಫೀಲ್ಡಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಓದಿನ ಜೊತೆಗೆ, ಕಂಪ್ಯೂಟರ್ ಪರದೆಯ ಮೇಲೆ ಐದು ಜನ ಐದು ಜನರ ಮೇಲೆ ಗುಂಡು ಹಾರಿಸುವ ಆಟವೊಂದರಲ್ಲಿ ಟಿನ್ ಹೆರಾನ್ಸ್ ಎಂಬ ವಿದ್ಯಾರ್ಥಿ ತಂಡದ ಕ್ಯಾಪ್ಟನ್. ಕ್ಯಾಪ್ಟನ್ ಆದ ದಿನ ಫೋನ್ ಮಾಡಿ ಸಂಭ್ರಮದಿಂದ ಹೇಳಿದಾಗ ನಾನು, "ಕೂತಲ್ಲೇ ಗುಂಡು ಹಾರಿಸೋದಕ್ಕೂ ಕ್ಯಾಪ್ಟನ್ ಬೇಕೇನವಾ?" ಎಂದು ನಕ್ಕೆ. ಬಹಳ ಚೆನ್ನಾಗಿ ನಕ್ಕೆ, ನನಗೆ ನೆನಪಿದೆ. ಆಮೇಲಿನ ಫೋನುಗಳಲ್ಲಿ ಅವಳಿಂದ ಬಂದದ್ದು "ಹೂಂ", "ಫೈನ್", "ಅಮ್ಮನಿಗೆ ಕೊಡಿ" ಎಂಬ ಮೂರು ಮಾತು ಮಾತ್ರ.

ಹೀಗಿರುವಾಗ ಫೆಬ್ರವರಿಯ ಒಂದು ಭಾನುವಾರ ಅವಳು ರೈಲು ಹತ್ತಿ ಮನೆಗೆ ಬಂದಳು. ಆರು ತಿಂಗಳ ವೀಸಾದಲ್ಲಿ ಗದಗಿನಿಂದ ಬಂದಿದ್ದ ನನ್ನ ಅವ್ವ ಬಸಮ್ಮ ಜೋಳದ ರೊಟ್ಟಿ ಬಡಿದಿದ್ದಳು, ನನ್ನ ಹೆಂಡತಿ ನೇತ್ರಾ ಎಣ್ಣೆಗಾಯಿ ಮಾಡಿದ್ದಳು. "ನಿನ್ನ ಆಟದಾಗ ಅದೇನವಾ ಮ್ಯಾಪು ಮ್ಯಾಪು ಅಂತೀರಲ್ಲ, ಅದೇನದು?" ಎಂದು ಕೇಳಿದವಳು ಅವ್ವ, ನಾನಲ್ಲ. ಮ್ಯಾಪು ಅಂದರೆ ದಾರಿ ತೋರಿಸುವ ನಕ್ಷೆಯಲ್ಲ, ಆಡುವ ಅಂಗಳ. ಒಂದು ಪಂದ್ಯಕ್ಕೆ ಮೂರು ಅಂಗಳ, ಎರಡರಲ್ಲಿ ಗೆದ್ದವರದು ಪಂದ್ಯ ಎಂದು ಹೇಳಿ, ಮಗಳು ತಟ್ಟೆಯಲ್ಲಿದ್ದ ರೊಟ್ಟಿಗೆ ಬೆರಳಿನಿಂದ ಬಾಗಿಲು ಕೊರೆದಳು. ಬದನೆಕಾಯಿಯನ್ನು ಎದುರಾಳಿಗಳಾಗಿ ನಿಲ್ಲಿಸಿದಳು, ಶೇಂಗಾ ಚಟ್ನಿಪುಡಿ ಉದುರಿಸಿ ಇದು ಹೊಗೆ ಎಂದಳು. ಅದು ಕ್ವಾರಿ ಎಂಬ ಮ್ಯಾಪು, ಬರುವ ಸೆಮಿಫೈನಲ್ಲಿನ ಎರಡನೆಯದು. ಅಲ್ಲಿ ನಾವು ದುರ್ಬಲರೆಂದು ಎಲ್ಲರೂ ತಿಳಿದಿದ್ದಾರೆ, ಆದರೆ ಕಳೆದ ಒಂದು ತಿಂಗಳು ಗುಟ್ಟಾಗಿ ಅದೊಂದನ್ನೇ ಅಭ್ಯಾಸ ಮಾಡಿದ್ದೇವೆ ಎಂದು ಕಣ್ಣರಳಿಸಿ ಹೇಳಿದಳು. ಹೇಳುತ್ತಾ ಹೇಳುತ್ತಾ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದಳು, "ಇಲ್ಲಿಂದ ನುಗ್ತೀವಿ ಪಪ್ಪಾ, ಅವರಿಗೆ ಗೊತ್ತೇ ಆಗಲ್ಲ" ಎಂದಳು. ನಲವತ್ತು ನಿಮಿಷ ಮಾತಾಡಿದಳು. ಎದುರಾಳಿಗಳೆಲ್ಲ ತಣ್ಣಗಾದ ಮೇಲೆ ತಿಂದೆವು. ಅಷ್ಟು ರುಚಿಯ ಊಟವನ್ನು ನಾನು ಈ ದೇಶದಲ್ಲಿ ಉಂಡಿಲ್ಲ.

ಇಲ್ಲಿಂದ ಮುಂದೆ ತಮ್ಮ ಪ್ರವೇಶವಾಗುತ್ತದೆ, ಮಾನ್ಯರೇ. ದಯಮಾಡಿ ಆಸನ ಸ್ವೀಕರಿಸಿ.

ಬುಧವಾರ ಕ್ಲಿನಿಕ್ಕಿನ ಬಿಡುವಿನಲ್ಲಿ, ಪಂದ್ಯ ಎಷ್ಟು ಗಂಟೆಗೆ ಎಂದು ತಿಳಿಯಲು ನಾನು ಫೋನಿನಲ್ಲಿ ತಂಡದ ಹೆಸರು ಹಾಕಿದೆ. ವೇಳಾಪಟ್ಟಿಗಿಂತ ಮೊದಲು ತಾವು ಪ್ರತ್ಯಕ್ಷರಾದಿರಿ. ಪಂದ್ಯವನ್ನು ಇಡಿಯಾಗಿ ಮಾರಿದರೆ ಸಾಲದೆಂದು ಕುಂಬಳಕಾಯಿಯ ಹೋಳಿನ ಹಾಗೆ ಮ್ಯಾಪು ಮ್ಯಾಪಾಗಿ ಕೊಯ್ದು ಇಟ್ಟಿದ್ದಿರಿ. "ಎರಡನೇ ಮ್ಯಾಪು, ಟಿನ್ ಹೆರಾನ್ಸ್ ಗೆಲ್ಲುವರೇ? ಹೌದು: ಹತ್ತೊಂಬತ್ತು ಪೆನ್ಸ್." ಗೆದ್ದರೆ ಆ ಚೀಟಿಗೆ ಒಂದು ಪೌಂಡು, ಸೋತರೆ ಸೊನ್ನೆ, ಅಂದರೆ ಗೆಲ್ಲುವ ಸಾಧ್ಯತೆ ನೂರಕ್ಕೆ ಹತ್ತೊಂಬತ್ತು ಎಂದು ಜಗತ್ತು ತೀರ್ಮಾನಿಸಿದೆ ಎಂದು ತಮ್ಮ ಪುಟದಲ್ಲೇ ವಿನಯಪೂರ್ವಕವಾಗಿ ವಿವರಿಸಿದ್ದಿರಿ. ಹತ್ತೊಂಬತ್ತು! ನನ್ನ ಮಗಳು ಹುಟ್ಟಿದಾಗಿನಿಂದ ಯಾವ ಪರೀಕ್ಷೆಯಲ್ಲೂ ಹತ್ತೊಂಬತ್ತು ತೆಗೆದವಳಲ್ಲ. ಇದು ಮನೆತನದ ಮರ್ಯಾದೆಯ ಪ್ರಶ್ನೆ ಎನ್ನಿಸಿ, ಪಾಸ್‌ಪೋರ್ಟಿನ ಫೋಟೋ ಕಳಿಸಿ ತಮ್ಮಲ್ಲಿ ಖಾತೆ ತೆರೆದು, ನಲವತ್ತು ಪೌಂಡಿನ "ಹೌದು" ಚೀಟಿಗಳನ್ನು ಕೊಂಡೆ. ತಕ್ಷಣ ಬೆಲೆ ಇಪ್ಪತ್ತೆಂಟಕ್ಕೆ ಏರಿತು. ಸತ್ಯ ನಿಧಾನವಾಗಿ ಹರಡುತ್ತಿದೆ ಎಂದು ಆನಂದವಾಯಿತು. ಇನ್ನಷ್ಟು ಕೊಂಡೆ, ಮೂವತ್ತೇಳಾಯಿತು. ಮುಂದಿನ ರೋಗಿಯ ಮೂಗಿನೊಳಗೆ ನೋಡುತ್ತಿರುವಾಗಲೂ, ಜಗತ್ತು ಕೊನೆಗೂ ನನ್ನ ಮಗಳನ್ನು ಗುರುತಿಸುತ್ತಿದೆಯಲ್ಲಾ ಎಂದು ಒಳಗೊಳಗೇ ಹಿಗ್ಗಿದೆ. ಆ ಮಧ್ಯಾಹ್ನ ತಮ್ಮ ಆ ಅಂಗಡಿಯಲ್ಲಿದ್ದ ಜಗತ್ತು ಅಂದರೆ ನಾನೊಬ್ಬನೇ ಎಂಬುದು ಆಮೇಲೆ ತಿಳಿಯಿತು.

ಮಗಳು ಗುಟ್ಟೆಂದು ಹೇಳಿದ್ದನ್ನು ನಾನು ಚೀಟಿ ಮಾಡಿಕೊಂಡೆ ಎಂಬ ವಿಚಾರ ಆಗ ನನಗೆ ಹೊಳೆಯಲಿಲ್ಲವೇ ಎಂದು ತಾವು ಕೇಳಬಹುದು. ಹೊಳೆಯಲಿಲ್ಲ. ಇದನ್ನು ನಾನು ಮೂರು ಜನರ ಸಮಿತಿಯ ಮುಂದೆಯೂ ಹೇಳಿದ್ದೇನೆ, ಅವರು ನಂಬಲು ಸ್ವಲ್ಪ ಹೊತ್ತು ತೆಗೆದುಕೊಂಡರು.

ಶನಿವಾರ ಬರ್ಮಿಂಗ್‌ಹ್ಯಾಮಿನ ಹಳೆಯ ಉಗ್ರಾಣವೊಂದನ್ನು ಸಭಾಂಗಣ ಮಾಡಿದ್ದ ಜಾಗದಲ್ಲಿ ಪಂದ್ಯ. ಇಳಕಲ್ ಸೀರೆಯ ಮೇಲೆ ನೇತ್ರಾಳ ಕೋಟು ಹಾಕಿಕೊಂಡ ಅವ್ವ ನಡುವೆ, ನಾವಿಬ್ಬರು ಅಕ್ಕಪಕ್ಕ, ಮೂರನೇ ಸಾಲಿನಲ್ಲಿ ಕೂತೆವು. ವೇದಿಕೆಗೆ ಬಂದ ಅಮೂಲ್ಯಾ ಅಪ್ಪ ಬಂದಿದ್ದಾನೆ ಎಂಬುದನ್ನು ನೋಡಿ ಒಂದು ಕ್ಷಣ ನಿಂತು, ಕೈಯೆತ್ತಿದ್ದೂ ಅಲ್ಲ ಎತ್ತದೇ ಇದ್ದದ್ದೂ ಅಲ್ಲ ಎಂಬಂತೆ ಎತ್ತಿ, ಹೆಡ್‌ಫೋನ್ ಹಾಕಿಕೊಂಡಳು. ಮೊದಲನೇ ಮ್ಯಾಪು ಸೋತರು. ಎರಡನೆಯದು ಕ್ವಾರಿ. ಹದಿಮೂರು ಸುತ್ತು ಗೆದ್ದವರಿಗೆ ಮ್ಯಾಪು. ಹನ್ನೆರಡು ಹನ್ನೆರಡಕ್ಕೆ ಬಂದು ನಿಂತಿತು. ಕೊನೆಯ ಸುತ್ತಿನಲ್ಲಿ ಅವಳ ತಂಡದ ನಾಲ್ವರೂ ಸತ್ತು, ಎದುರಿಗೆ ಇಬ್ಬರಿರುವಾಗ ಅವಳೊಬ್ಬಳೇ ಉಳಿದಳಂತೆ. ಇಡೀ ಸಭಾಂಗಣ ಎದ್ದು ನಿಂತಿತಂತೆ. ನಲವತ್ತು ಸೆಕೆಂಡು ಅವಳು ಒಂದು ಗೋಡೆಯ ಹಿಂದೆ ಕಾದು, ಆಮೇಲೆ ಇಬ್ಬರನ್ನೂ ಒಬ್ಬರ ಹಿಂದೊಬ್ಬರಂತೆ ಕೆಡವಿದಳಂತೆ.

ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ನಾನು ತಮ್ಮನ್ನು ನೋಡುತ್ತಿದ್ದೆ. ಅರವತ್ತೊಂದು ಪೆನ್ಸ್ ಇದ್ದದ್ದು ನಲವತ್ತನಾಲ್ಕಾಯಿತು, ಇಪ್ಪತ್ತಾಯಿತು, ಹದಿಮೂರಾಯಿತು, ಹದಿಮೂರರಲ್ಲೇ ನಿಂತಿತು, ಒಮ್ಮೆಲೇ ಅರವತ್ತಕ್ಕೆ ಹಾರಿತು, ನೂರಾಯಿತು. ನೂರು ಕಂಡು ನಾನು ಕುರ್ಚಿಯಲ್ಲೇ ಕೂಗಿದೆ. "ಏನಲೇ ಚಿದಾ, ಮಗಳು ಅಲ್ಲಿ ಕುಂತಾಳ, ನೀ ಕೈಯಾಗ ಏನ್ ನೋಡಾಕತ್ತೀ?" ಎಂದು ಅವ್ವ ನನ್ನ ಮೊಣಕೈ ಹಿಡಿದು ಜಗ್ಗಿದಳು. ನಾನು ತಲೆ ಎತ್ತುವಷ್ಟರಲ್ಲಿ ಅಮೂಲ್ಯಾ ಆ ಕಡೆ ತಿರುಗಿಯಾಗಿತ್ತು. ಗೆದ್ದ ಕೂಡಲೇ ಅವಳು ಹೆಡ್‌ಫೋನ್ ಕಿತ್ತು ನೇರವಾಗಿ ಮೂರನೇ ಸಾಲನ್ನೇ ನೋಡಿದಳೆಂದೂ, ಅಜ್ಜಿ ಲಟಿಕೆ ಮುರಿದು ದೃಷ್ಟಿ ತೆಗೆಯುತ್ತಿದ್ದದ್ದನ್ನೂ ಅಮ್ಮ ಅಳುತ್ತಿದ್ದದ್ದನ್ನೂ ದಾಟಿ ಅವಳ ಕಣ್ಣು ನನ್ನ ಮೇಲೆ ನಿಂತಿತ್ತೆಂದೂ, ನನ್ನ ಮುಖಕ್ಕೆ ಫೋನಿನ ನೀಲಿ ಬೆಳಕು ಬಿದ್ದಿತ್ತೆಂದೂ ನೇತ್ರಾ ಆಮೇಲೆ ಹೇಳಿದಳು.

ಆ ನಲವತ್ತು ಸೆಕೆಂಡುಗಳನ್ನು ನನಗೆ ಹಿಂದಿರುಗಿಸಿಕೊಡಬೇಕೆಂದು ತಮ್ಮಲ್ಲಿ ನನ್ನ ಮೊದಲ ಪ್ರಾರ್ಥನೆ. ವಿಡಿಯೋ ಇದೆ ಎಂದು ತಮ್ಮ ಯಂತ್ರ ಉತ್ತರಿಸಬಹುದು. ವಿಡಿಯೋದಲ್ಲಿ ಅವಳು ನನ್ನನ್ನು ಹುಡುಕಿ ನೋಡುವುದಿಲ್ಲ. ಇಲ್ಲವೇ, ಇಷ್ಟೊಂದು ದೂರದೃಷ್ಟಿಯುಳ್ಳ ತಾವು ಅದೇ ನಿಮಿಷದಲ್ಲಿ "ಈ ಅಪ್ಪ ತಲೆ ಎತ್ತುವನೇ?" ಎಂಬ ಇನ್ನೊಂದು ಹೋಳನ್ನೂ ಮಾರಾಟಕ್ಕೆ ಇಡಬಹುದಿತ್ತು. ತಮ್ಮ ಪುಟವನ್ನೇ ನೋಡುತ್ತಿದ್ದ ನಾನು ಅದನ್ನು ಓದಿಯಾದರೂ ತಲೆ ಎತ್ತುತ್ತಿದ್ದೆ.

ತಮ್ಮ ದಕ್ಷತೆಯನ್ನು ಹೊಗಳಲು ನನ್ನ ಕನ್ನಡ ಸಾಲದು. ಮೂರನೇ ಮ್ಯಾಪು ಶುರುವಾಗುವ ಮುಂಚೆ ತಮ್ಮಿಂದ ಎರಡು ಸಂದೇಶಗಳು ಹೊರಟವು. ಒಂದು ನನಗೆ: "ಅಭಿನಂದನೆ, ಚಿದಾನಂದ! ನಿಮ್ಮ ಅಂದಾಜು ಅದ್ಭುತ!" ಇನ್ನೊಂದು ಪಂದ್ಯ ನಡೆಸುವ ಲೀಗಿನವರಿಗೆ: ಎರಡನೇ ಮ್ಯಾಪಿನಲ್ಲಿ ಅನುಮಾನಾಸ್ಪದ ಖರೀದಿ ನಡೆದಿದೆ, ಖರೀದಿದಾರನ ಅಡ್ಡಹೆಸರೂ ಕ್ಯಾಪ್ಟನ್ನಿನ ಅಡ್ಡಹೆಸರೂ ಒಂದೇ. ಒಂದೇ ಬಾಯಿಂದ ಆರತಿಯನ್ನೂ ಅರೆಸ್ಟನ್ನೂ ಹೊರಡಿಸುವ ಈ ಕಲೆ ಬೇರೆ ಯಾರಿಗೂ ಸಿದ್ಧಿಸಿಲ್ಲ. ಲೀಗಿನ ಅಧಿಕಾರಿ, ಮೆತ್ತಗೆ ಮಾತಾಡುವ ಒಬ್ಬ ಹೆಂಗಸು, ವೇದಿಕೆಗೆ ಹೋಗಿ ಐವರನ್ನೂ ಕೇಳಿದರು: ನಿಮ್ಮ ಅಭ್ಯಾಸದ ವಿಷಯ ಹೊರಗಿನವರಿಗೆ ಯಾರಾದರೂ ಹೇಳಿದ್ದೀರಾ? ನಾಲ್ವರು ಇಲ್ಲವೆಂದರು. ಅಮೂಲ್ಯಾ, "ನಮ್ಮ ಮನೆಯವರಿಗೆ ಹೇಳಿದ್ದೆ, ಊಟಕ್ಕೆ ಕೂತಾಗ" ಎಂದಳು. ಮನೆಯವರು ಇಲ್ಲಿದ್ದಾರೆಯೇ ಎಂದಾಗ ತಿರುಗಿ ನೋಡದೆ ಬೆರಳು ತೋರಿಸಿದಳು. ನಾನು ಎದ್ದು ನಿಂತೆ. "ಚೀಟಿ ಕೊಂಡವನು ನಾನು, ಅವಳಿಗೆ ಗೊತ್ತಿಲ್ಲ" ಎಂದೆ. ಅಧಿಕಾರಿ ಬಹಳ ಮರ್ಯಾದೆಯಿಂದ ಧನ್ಯವಾದ ಹೇಳಿ, ವಿಚಾರಣೆ ಮುಗಿಯುವವರೆಗೆ ಕ್ಯಾಪ್ಟನ್ ಆಡುವಂತಿಲ್ಲ ಎಂದರು. ಅಮೂಲ್ಯಾ ತನ್ನ ಕೀಬೋರ್ಡಿನ ತಂತಿ ಬಿಚ್ಚಿ, ಕಂಕುಳಲ್ಲಿ ಇಟ್ಟುಕೊಂಡು, ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು. ಬದಲಿ ಆಟಗಾರ್ತಿಯೊಂದಿಗೆ ಆಡಿದ ಉಳಿದ ನಾಲ್ವರು ನಾಲ್ಕು ಸುತ್ತು ಮಾತ್ರ ಗೆದ್ದರು. ಫೈನಲ್ಲಿಗೆ ಹೋಗುವ ಮೂರು ವರ್ಷದ ಕನಸು ಇಪ್ಪತ್ತೈದು ನಿಮಿಷದಲ್ಲಿ ಮುಗಿಯಿತು.

ಮರುದಿನದಿಂದ, "ಇಲ್ಲ" ಚೀಟಿ ಕೊಂಡು ಕಳೆದುಕೊಂಡ ತಮ್ಮ ಇತರ ಗ್ರಾಹಕ ಮಹಾಶಯರು ಅವಳಿಗೆ ಪತ್ರ ಬರೆಯತೊಡಗಿದರು. ಎಲ್ಲವನ್ನೂ ಇಲ್ಲಿ ಬರೆಯುವಂತಿಲ್ಲ, ಮನೆಯಲ್ಲಿ ಹೆಂಗಸರು ಓದುತ್ತಾರೆ. ತೀರ ಸಭ್ಯನಾದ ಒಬ್ಬ, "ಮುಂದಿನ ಸಲ ಗೆಲ್ಲುವುದಿದ್ದರೆ ಮೊದಲೇ ಹೇಳಿ ಗೆಲ್ಲು" ಎಂದು ಬರೆದಿದ್ದ. ಹೇಳಿದ್ದೇ ತಪ್ಪಾಯಿತಲ್ಲಾ ಎಂದು ಅವನಿಗೆ ಯಾರು ತಿಳಿಸಬೇಕು? ಅವಳು ನನ್ನ ಫೋನು ಎತ್ತಲಿಲ್ಲ. ಎರಡು ಸಲ ಶೆಫೀಲ್ಡಿಗೆ ಹೋಗಿ ಅವಳ ಮನೆಯ ಕೆಳಗೆ ನಿಂತೆ, ಎರಡು ಸಲವೂ ಟ್ರಾಮು ಹತ್ತಿ ಸ್ಟೇಷನ್ನಿಗೆ ವಾಪಸಾದೆ. "ನೀವು ಹೋಗಬೇಡ್ರಿ, ಅವಳಿಗೆ ಬರಬೇಕನಿಸಿದಾಗ ಬರಲಿ" ಎಂದಳು ನೇತ್ರಾ.

ಈ ನಡುವೆ ತಾವು ಸುಮ್ಮನಿರಲಿಲ್ಲ, ಮಾನ್ಯರೇ. ತಮ್ಮ ಪುಟದಲ್ಲಿ ಹೊಸ ಹೋಳೊಂದು ಬಂತು: "ಟಿನ್ ಹೆರಾನ್ಸ್ ಕ್ಯಾಪ್ಟನ್ನಿಗೆ ಶಿಕ್ಷೆಯಾಗುವುದೇ? ಹೌದು: ಎಂಬತ್ತನಾಲ್ಕು ಪೆನ್ಸ್." ದೂರು ಕೊಟ್ಟವರೂ ತಾವೇ, ತೀರ್ಪಿಗೆ ಸಂತೆ ಹಾಕಿದವರೂ ತಾವೇ. ಇನ್ನೊಂದು ಹೆಜ್ಜೆ ಮುಂದೆ ಹೋಗಿ ತೀರ್ಪನ್ನೂ ತಾವೇ ಬರೆದುಬಿಟ್ಟರೆ ಎಲ್ಲರಿಗೂ ಬಸ್ಸಿನ ಖರ್ಚು ಉಳಿಯುತ್ತದೆ ಎಂದು ವಿನಂತಿಸಿಕೊಳ್ಳುತ್ತೇನೆ. ಒಂದು ಸಂಜೆ ಆ ಎಂಬತ್ತನಾಲ್ಕನ್ನು ನೋಡುತ್ತಾ ಕೂತಿದ್ದೆ. ಸಮಿತಿಯ ಮುಂದೆ ನಾನು ಏನು ಹೇಳಲಿದ್ದೇನೆ ಎಂಬುದು ಇಡೀ ಇಂಗ್ಲೆಂಡಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಬೆರಳು "ಇಲ್ಲ" ಎಂಬ ಗುಂಡಿಯವರೆಗೆ ಹೋಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆಗ ನನಗೆ ನನ್ನ ಬಗ್ಗೆ ಹೇಸಿಗೆಯಾಯಿತು. ಫೋನನ್ನು ಅವ್ವನ ಕೈಗೆ ಕೊಟ್ಟೆ. ಏನು ಎತ್ತ ಎಂದು ಕೇಳದೆ ಅವಳು ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು.

ವಿಚಾರಣೆ ಮಾರ್ಚ್ ತಿಂಗಳಲ್ಲಿ ಮ್ಯಾಂಚೆಸ್ಟರಿನಲ್ಲಿ, ಪಿಕಡಿಲಿ ಸ್ಟೇಷನ್ನಿಗೆ ಹತ್ತಿರದ ಒಂದು ಆಫೀಸಿನಲ್ಲಿ ನಡೆಯಿತು. ಅಮೂಲ್ಯಾ ಮೇಜಿನ ಆ ಕಡೆ, ನಾನು ಈ ಕಡೆ. ನಾನು ರೊಟ್ಟಿಯಿಂದ ಹಿಡಿದು ನೂರರವರೆಗೆ ಒಂದನ್ನೂ ಬಿಡದೆ ಹೇಳಿದೆ. ಹಣಕ್ಕಾಗಿ ಅಲ್ಲದಿದ್ದರೆ ಮತ್ತೇಕೆ ಕೊಂಡಿರಿ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. "ಅವಳಿಗೆ ಹತ್ತೊಂಬತ್ತು ಅಂದಿದ್ದರು ಸರ್, ನನಗೆ ಸಿಟ್ಟು ಬಂತು" ಎಂದೆ. ಅವರು ತಮಗೂ ಇಬ್ಬರು ಹೆಣ್ಣುಮಕ್ಕಳೆಂದು ಹೇಳಿ, ಅದನ್ನು ದಾಖಲಿಸಬೇಡಿ ಎಂದು ಪಕ್ಕದವರಿಗೆ ಸೂಚಿಸಿದರು. ತೀರ್ಪು ಹೀಗೆ: ಮಗಳು ನಿರ್ದೋಷಿ, ಆಟಕ್ಕೆ ಮರಳಬಹುದು. ಅಪ್ಪ ಒಂದು ವರ್ಷ ಯಾವ ಪಂದ್ಯದ ಸಭಾಂಗಣಕ್ಕೂ ಕಾಲಿಡುವಂತಿಲ್ಲ. ಆ ಅವಧಿಯಲ್ಲಿ ಆಟಕ್ಕೆ ಸಂಬಂಧಿಸಿದ ಯಾವ ವಿಷಯವನ್ನೂ ಮಗಳು ಅಪ್ಪನೊಂದಿಗೆ ಮಾತಾಡುವಂತಿಲ್ಲ. ತಮ್ಮ ಎಂಬತ್ತನಾಲ್ಕು ಮಣ್ಣಾಯಿತು, ಅದಕ್ಕೆ ನನ್ನ ಹೃತ್ಪೂರ್ವಕ ಸಂತಾಪ. ನನ್ನ ಮಗಳು ಮೂರು ವರ್ಷದ ಮೇಲೆ ನನ್ನೊಂದಿಗೆ ಮಾತಾಡಿದ ಒಂದೇ ಒಂದು ವಿಷಯ ಈಗ ಕಾಗದ ಪತ್ರದ ಸಮೇತ ನಿಷಿದ್ಧವಾಯಿತು.

ಹೊರಗೆ ಟ್ರಾಮ್ ನಿಲ್ದಾಣದಲ್ಲಿ ಅವಳ ಪಕ್ಕ ಹೋಗಿ ನಿಂತೆ. ತಪ್ಪಾಯಿತು ಎಂದೆ. ಅವಳು ಹಳಿಗಳನ್ನೇ ನೋಡುತ್ತಾ, ಇಂಗ್ಲಿಷಿನಲ್ಲಿ, ಸಿಟ್ಟಿಲ್ಲದೆ ಕೇಳಿದಳು: "ಅವರು ಹತ್ತೊಂಬತ್ತು ಅಂದಿದ್ದಕ್ಕೆ ನಿಮಗೆ ಸಿಟ್ಟು ಬಂತಲ್ಲ ಪಪ್ಪಾ. ಆ ಮೂರು ವರ್ಷ ನಿಮ್ಮ ನಂಬರ್ ಎಷ್ಟಿತ್ತು?"

ಟ್ರಾಮು ಬಂತು, ಹತ್ತಿ ಹೋದಳು. ಉತ್ತರ ನನ್ನ ಬಳಿ ಇತ್ತು. ಹತ್ತೊಂಬತ್ತಕ್ಕಿಂತ ಕಡಿಮೆ ಇತ್ತು.

ಈ ಒಂದು ಬಾಬತ್ತಿನಲ್ಲಿ ತಮ್ಮ ಮೇಲೆ ದೂರು ಹೇಳಲು ನನಗೆ ಬಾಯಿಲ್ಲ. ತಾವು ಅವಳಿಗೆ ಕಟ್ಟಿದ ಬೆಲೆ ಸಣ್ಣದು, ನಿಜ. ಆದರೆ ಅದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಿದಿರಿ. ನಾನು ಕಟ್ಟಿದ್ದನ್ನು ನಗುವಿನಲ್ಲಿ ಸುತ್ತಿ ಫೋನಿನಲ್ಲಿ ಕಳಿಸಿದ್ದೆ.

ಮೇ ತಿಂಗಳಲ್ಲಿ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಬೇರೊಂದು ಕಪ್ಪಿನ ಪಂದ್ಯವಿತ್ತು. ಅಮೂಲ್ಯಾ ನೇತ್ರಾಳಿಗೆ ಸಂದೇಶ ಕಳಿಸಿದ್ದಳು: ನೀನೂ ಅಜ್ಜಿಯೂ ಬನ್ನಿ, ಕಾರು ಓಡಿಸಲು ಯಾರಾದರೂ ಬೇಕಾದರೆ ಕರೆದುಕೊಂಡು ಬನ್ನಿ. ಆ ಯಾರಾದರೂ ಆಗಿ ನಾನು ಹೋದೆ. ಅವರಿಬ್ಬರನ್ನು ಬಾಗಿಲಲ್ಲಿ ಇಳಿಸಿ, ಮೂರು ಗಂಟೆ ಪಾರ್ಕಿಂಗಿನಲ್ಲಿ ಕೂತೆ. ನೇರ ಪ್ರಸಾರ ಎಲ್ಲರಿಗೂ ತೆರೆದಿತ್ತು, ನೋಡಬೇಡವೆಂದು ತೀರ್ಪಿನಲ್ಲಿ ಇರಲಿಲ್ಲ. ನೋಡಲಿಲ್ಲ. ಗೋಡೆಯಾಚೆಯಿಂದ ಎರಡು ಸಲ ದೊಡ್ಡ ಕೂಗು ಬಂತು. ಯಾರಿಗಾಗಿ ಎಂದು ಗೊತ್ತಾಗದೆ ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಆ ಕೂಗು ಅವಳಿಗೇ ಇರಲಿ ಎಂದು ಬೇಡಿಕೊಂಡೆ. ಬೇಡಿಕೊಳ್ಳುವುದರ ಹೊರತು ನನಗೆ ಮಾಡಲು ಬೇರೇನೂ ಇರಲಿಲ್ಲ, ಕೊಳ್ಳಲು ಮೊದಲೇ ಇರಲಿಲ್ಲ.

ಮೊದಲು ಬಂದವಳು ಅಮೂಲ್ಯಾ. ಹಿಂದಿನ ಸೀಟು ಬಿಟ್ಟು ಮುಂದೆ ನನ್ನ ಪಕ್ಕ ಕೂತಳು. ಗೆದ್ದ ಮುಖವೋ ಸೋತ ಮುಖವೋ ತಿಳಿಯಲಿಲ್ಲ, ದಣಿದ ಮುಖವಾಗಿತ್ತು. "ಏನೂ ಹೇಳೋ ಹಾಗಿಲ್ಲ ಪಪ್ಪಾ, ರೂಲ್" ಎಂದಳು, ಕನ್ನಡದಲ್ಲಿ. "ನಾನು ಕೇಳಲ್ಲ ಬಿಡವಾ" ಎಂದೆ. ರಸ್ತೆಯಾಚೆಯ ಅಂಗಡಿಯಿಂದ ಚಿಪ್ಸ್ ತಂದೆ. ಅವಳು ಕಾಗದ ಬಿಡಿಸಿ ವಿನಿಗರ್ ಚಿಮುಕಿಸುತ್ತಾ, ಒಂದು ಪೇಪರಿನಲ್ಲಿ ಫೇಲಾಗಿರುವುದನ್ನೂ, ಮನೆ ಹಂಚಿಕೊಂಡಿರುವ ಹುಡುಗಿ ಎರಡು ವಾರದಿಂದ ಮಾತು ಬಿಟ್ಟಿರುವುದನ್ನೂ, ಇಂಜಿನಿಯರಿಂಗ್ ಬೇಡವೇನೋ ಎಂದು ಒಮ್ಮೊಮ್ಮೆ ಅನ್ನಿಸುವುದನ್ನೂ ಹೇಳಿದಳು. ಆಟದ ಒಂದು ಮಾತು ಬರಲಿಲ್ಲ. ನಾನು ತಲೆ ಎತ್ತಿ ಅವಳ ಮುಖವನ್ನೇ ನೋಡುತ್ತಾ ಕೇಳಿದೆ. ಅಂದು ಯಾರು ಗೆದ್ದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಬೆರಳು ಒತ್ತಿದರೆ ತಿಳಿಯುತ್ತದೆ. ಅವಳೇ ಹೇಳಲಿ ಎಂದು ಕಾಯುತ್ತಿದ್ದೇನೆ, ಬರುವ ಮಾರ್ಚಿಗೆ ನಿಷೇಧದ ವರ್ಷ ತುಂಬುತ್ತದೆ.

ತಮ್ಮ ಮೇಲಿನ ವಿಶ್ವಾಸ ಹೋದರೂ ವಿಶ್ವಾಸಿ ಎಂದೇ ಬರೆಯಬೇಕಾದ ಪದ್ಧತಿಗೆ ತಲೆಬಾಗಿ,

ತಮ್ಮ ವಿಶ್ವಾಸಿ,
ಚಿದಾನಂದ ಅಣ್ಣಿಗೇರಿ
ಸ್ಟಾಕ್‌ಪೋರ್ಟ್

ತಾಜಾ ಕಲಂ: ನಿನ್ನೆ ತಮ್ಮಿಂದ ಬಂದ ಪತ್ರ ತಲುಪಿತು. "ಚಿದಾನಂದ, ನೀವಿಲ್ಲದೆ ಬೇಸರವಾಗುತ್ತಿದೆ, ಮರಳಿ ಬನ್ನಿ" ಎಂದು ಕೆಂಪು ಹೃದಯದ ಚಿತ್ರದೊಂದಿಗೆ ಬರೆದಿದ್ದೀರಿ. ನಮ್ಮ ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ನನಗೆ ಈ ಧಾಟಿಯಲ್ಲಿ ಬರೆದ ಮೊದಲಿಗರು ತಾವು. ಅದನ್ನು ನನಗಿಂತ ಮೊದಲು ಓದಿದವಳು ನನ್ನ ಹೆಂಡತಿ. ಅವಳು ರೈಲ್ವೆಯಲ್ಲಿ ಸಿಗ್ನಲ್ ಇಂಜಿನಿಯರ್. ಕೆಂಪು ಕಂಡಲ್ಲಿ ಎಲ್ಲವನ್ನೂ ನಿಲ್ಲಿಸಿ ವಿಚಾರಣೆ ನಡೆಸುವುದು ಅವಳ ವೃತ್ತಿ. ಆದ್ದರಿಂದ ತಾವು ಯಾರು, ನಮ್ಮ ನಡುವೆ ಏನಿತ್ತು, ಎಲ್ಲಿಯವರೆಗೆ ಹೋಗಿತ್ತು ಎಂಬುದನ್ನು ತಮ್ಮ ಪ್ರಾಮಾಣಿಕತಾ ವಿಭಾಗದ ಸಹಿಯೊಂದಿಗೆ ಅವಳಿಗೆ ನೇರವಾಗಿ ಬರೆದು ತಿಳಿಸತಕ್ಕದ್ದು. ಅವಳು ನಂಬುವಳೇ ಇಲ್ಲವೇ ಎಂಬುದಕ್ಕೆ ದಯಮಾಡಿ ಸಂತೆ ಹಾಕಬೇಡಿ. "ಇಲ್ಲ" ಚೀಟಿಗಳನ್ನೆಲ್ಲ ಅವಳೇ ಕೊಂಡುಬಿಡುತ್ತಾಳೆ.